ಯಾರೂ ಎಣಿಸದ ಮಾತ್ರೆಗಳು

ಸಂಘದ ವಾರ್ಷಿಕ ಸಂಚಿಕೆಗೆ ನಾನು ಬರೆಯುವುದೆಂದರೆ ಸಾಮಾನ್ಯವಾಗಿ ಶುಗರ್, ಬಿಪಿ, ಬೇಸಿಗೆಯಲ್ಲಿ ನೀರು ಕುಡಿಯುವುದು, ಊರಿನಿಂದ ಮಾತ್ರೆ ತರುವಾಗ ಡಾಕ್ಟರ ಚೀಟಿ ಜೊತೆಗಿಟ್ಟುಕೊಳ್ಳುವುದು, ಇಷ್ಟೇ. ಫಾರ್ಮಸಿಯವನ ಹತ್ತಿರ ಇನ್ನೇನು ಕೇಳುತ್ತಾರೆ? ಈ ಸಲ ಸಂಪಾದಕರು "ಮನಸ್ಸಿಗೆ ಬಂದದ್ದು ಬರೆಯಿರಿ" ಎಂದಿದ್ದಾರೆ. ಆದ್ದರಿಂದ ಬಹಳ ದಿನಗಳಿಂದ ತಲೆಯಲ್ಲಿ ಕುಳಿತಿರುವ ಒಂದು ವಿಷಯ ಬರೆಯುತ್ತೇನೆ. ದೇವರ ಮಾತಿಗೆ ವಿಧೇಯನಾಗಿರುವುದು, ಪಾಪಕ್ಕೆ ಬೆನ್ನು ಹಾಕುವುದು. ನಾನು ಕ್ರೈಸ್ತ. ನನಗೆ ಗೊತ್ತಿರುವ ಮಾತಿನಲ್ಲೇ ಹೇಳಬೇಕಷ್ಟೆ. ನಮ್ಮ ಸಂಘದಲ್ಲಿ ಗಣಪತಿ ಕೂರಿಸುವವರೂ ರಂಜಾನ್ ಉಪವಾಸ ಮಾಡುವವರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತೇವೆ. ಅವರವರ ಮನೆಯಲ್ಲಿ ಇದಕ್ಕೆ ಅವರವರ ಹೆಸರು ಇದ್ದೇ ಇದೆ. ಉಪದೇಶ ಎಂದು ಯಾರೂ ತಿಳಿಯಬೇಡಿ. ಉಪದೇಶ ಮಾಡುವಷ್ಟು ಓದಿದವನೂ ನಾನಲ್ಲ, ಡಿ.ಫಾರ್ಮಾ ಅಷ್ಟೇ.

ನಾನು ಹುಟ್ಟಿದ್ದು ಉಡುಪಿಯ ಲೊಂಬಾರ್ಡ್ ಆಸ್ಪತ್ರೆಯಲ್ಲಿ. ಊರಿನವರು ಇವತ್ತಿಗೂ 'ಮಿಷನ್ ಆಸ್ಪತ್ರೆ' ಎಂದೇ ಕರೆಯುವುದು. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಅದನ್ನು ಶುರು ಮಾಡಿದರು. ನಮ್ಮದು ಬಾಸೆಲ್ ಮಿಷನ್ ಕಾಲದ ಮನೆತನ. ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1844ರಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದು, ಹೆರ್ಮನ್ ಎಂಬ ಹೆಸರು ಸೇರಿಸಿಕೊಂಡು, ಆಮೇಲೆ ಬಾಸೆಲಿಗೆ ಹೋಗಿ ಕಲಿತು ಪಾದ್ರಿಯಾಗಿ ಬಂದರು. ಅಂಥವರ ಹೆಸರು ಪುಸ್ತಕದಲ್ಲಿದೆ. ನಮ್ಮಂಥವರ ಅಜ್ಜಂದಿರು ಹಂಚಿನ ಕಾರ್ಖಾನೆಗೆ ಹೋದರು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ, ಮಲ್ಪೆಯಲ್ಲಿ 1886ರಲ್ಲಿ ಮಿಷನಿನ ಹಂಚಿನ ಕಾರ್ಖಾನೆಗಳು ಶುರುವಾದವು. ಜಾತಿ ಬಿಟ್ಟು ಬಂದವರನ್ನು ಊರು ಕೆಲಸಕ್ಕೆ ಕರೆಯುತ್ತಿರಲಿಲ್ಲ, ಹೊಟ್ಟೆಗೆ ಬೇಕಲ್ಲ, ಅದಕ್ಕೆ ಮಗ್ಗ, ಅದಕ್ಕೆ ಹಂಚು.

ಅಜ್ಜ ಹೇಳುತ್ತಿದ್ದ ಒಂದು ಮಾತು ನನಗೆ ಚಿಕ್ಕಂದಿನಲ್ಲಿ ತಮಾಷೆಯಾಗಿ ಕಾಣುತ್ತಿತ್ತು. ಅವರ ಅಪ್ಪನ ಕಾಲದಲ್ಲಿ ಕೆಲಸ ಕೊಡುವವರೂ ಮಿಷನಿನವರೇ, ಮನೆ ಕೊಡುವವರೂ ಅವರೇ, ಭಾನುವಾರ ಪ್ರಸಂಗ ಮಾಡುವವರೂ ಅವರೇ. ಕಳ್ಳು ಕುಡಿದು ಸಿಕ್ಕಿಬಿದ್ದರೆ ಸಭೆಯ ಹಿರಿಯರ ಮುಂದೆ ನಿಲ್ಲಬೇಕು, ರಾತ್ರಿಭೋಜನದ ಸಂಸ್ಕಾರದಿಂದ ಹೊರಗಿರಬೇಕು. "ಆವಾಗ ದೇವರಿಗೆ ಹೆದರಿದ್ರೋ ಸಾಹೇಬರಿಗೆ ಹೆದರಿದ್ರೋ ಯಾರಿಗೆ ಗೊತ್ತು" ಎಂದು ಅಜ್ಜ ನಗುತ್ತಿದ್ದರು. ಮಿಷನಿನ ಉಪಕಾರ ದೊಡ್ಡದು, ಅದನ್ನು ಮರೆಯುವವನು ನಾನಲ್ಲ. ಆದರೆ ಅಜ್ಜನ ಪ್ರಶ್ನೆ ಸುಳ್ಳಲ್ಲ. ಒಳ್ಳೆಯದಾಗಿ ನಡೆಯುವುದಕ್ಕೂ ಸಂಬಳಕ್ಕೂ ಗಂಟು ಬಿದ್ದಿದ್ದರೆ, ಅದರಲ್ಲಿ ವಿಧೇಯತೆ ಎಷ್ಟು, ಲೆಕ್ಕಾಚಾರ ಎಷ್ಟು?

ಆ ಪ್ರಶ್ನೆ ನನಗೆ ನಿಜವಾಗಿ ಅರ್ಥವಾದದ್ದು ಕುವೈತಿಗೆ ಬಂದ ಮೇಲೆ. ನಾನು ಬಂದದ್ದು 2007ರಲ್ಲಿ. ವಾರದ ರಜೆ ಗುರುವಾರ-ಶುಕ್ರವಾರ ಇದ್ದದ್ದು ಶುಕ್ರವಾರ-ಶನಿವಾರ ಆದದ್ದು ಅದೇ ವರ್ಷ. ಊರಿನಲ್ಲಿ ಭಾನುವಾರ ಇದ್ದ ಆರಾಧನೆ ಇಲ್ಲಿ ಶುಕ್ರವಾರ. ಅಮ್ಮನಿಗೆ ಇದನ್ನು ಫೋನಿನಲ್ಲಿ ಒಪ್ಪಿಸಲು ಆರು ತಿಂಗಳು ಹಿಡಿಯಿತು. ಇಲ್ಲಿ ಚರ್ಚ್ ಇಲ್ಲ ಎಂದು ಊರಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಸಾಲ್ಮಿಯಾದಲ್ಲೇ ಕಥೋಲಿಕರ ಸಂತ ತೆರೇಸಾ ಚರ್ಚ್ ಇದೆ. ನಗರದ ಇವಾಂಜೆಲಿಕಲ್ ಚರ್ಚಿನ ಆವರಣದಲ್ಲಿ ಶುಕ್ರವಾರ ಬೆಳಿಗ್ಗೆ ನಿಂತರೆ ಎಷ್ಟು ಭಾಷೆಯ ಹಾಡು ಕೇಳುತ್ತದೆ ಎಂದು ಲೆಕ್ಕ ಸಿಗುವುದಿಲ್ಲ. ಅಲ್ಲಿಂದ ದೂರವಲ್ಲದೆ, ಸಮುದ್ರದ ಬದಿಯಲ್ಲಿ, ಹಳೆಯ ಅಮೆರಿಕನ್ ಮಿಷನ್ ಆಸ್ಪತ್ರೆಯ ಕಟ್ಟಡ ಈಗಲೂ ಇದೆ. 1967ರಲ್ಲಿ ಆಸ್ಪತ್ರೆ ಮುಚ್ಚಿತು, ಈಗ ಅದು 'ಅಮ್ರಿಕಾನಿ' ಎಂಬ ಸಾಂಸ್ಕೃತಿಕ ಕೇಂದ್ರ. ಊರಿನಿಂದ ಯಾರಾದರೂ ಬಂದರೆ ನಾನು ಅವೆನ್ಯೂಸ್ ಮಾಲಿಗಿಂತ ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಹೆಂಡತಿಗೆ ಇದು ಸ್ವಲ್ಪವೂ ಸರಿಬರುವುದಿಲ್ಲ. ಇರಲಿ.

ಇಲ್ಲಿ ಕುಡಿಯುವುದಿಲ್ಲ ಎನ್ನುವುದು ದೊಡ್ಡ ಪುಣ್ಯವೇನಲ್ಲ, ಕಾನೂನೇ ಹಾಗಿದೆ. 1964ರಲ್ಲಿ ಮದ್ಯದ ಆಮದು ನಿಂತಿತು, 1980ರ ದಶಕದಲ್ಲಿ ಕುಡಿಯುವುದೂ ಅಪರಾಧವಾಯಿತು. ಆದರೂ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. 2025ರ ಆಗಸ್ಟ್ ತಿಂಗಳನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯಾರೂ ಮರೆಯುವುದಿಲ್ಲ. ಕಳ್ಳಭಟ್ಟಿ ಕುಡಿದು 160 ಜನ ಮೆಥನಾಲ್ ವಿಷದಿಂದ ಆಸ್ಪತ್ರೆ ಸೇರಿದರು, 23 ಜನ ಹೋಗಿಬಿಟ್ಟರು ಎಂದು ಆರೋಗ್ಯ ಸಚಿವಾಲಯವೇ ಪ್ರಕಟಿಸಿತು. ಎಲ್ಲರೂ ನಮ್ಮ ಹಾಗೆ ಏಷ್ಯಾದವರು. 51 ಜನರಿಗೆ ಡಯಾಲಿಸಿಸ್, 31 ಜನರಿಗೆ ವೆಂಟಿಲೇಟರ್, 21 ಜನರ ಕಣ್ಣು ಹೋಯಿತು ಅಥವಾ ಮಂಜಾಯಿತು. ಭಾರತೀಯರೇ ಸುಮಾರು 40 ಮಂದಿ ಆಸ್ಪತ್ರೆಯಲ್ಲಿದ್ದಾರೆ ಎಂದು ಆ ದಿನಗಳಲ್ಲಿ ನಮ್ಮ ರಾಯಭಾರ ಕಚೇರಿ ಹೇಳಿತು. ಪೊಲೀಸರು ಭಟ್ಟಿಗಳನ್ನು ಹಿಡಿದದ್ದು ಎಲ್ಲೋ ಮರುಭೂಮಿಯಲ್ಲಲ್ಲ, ಜನ ವಾಸ ಮಾಡುವ ಜಾಗದಲ್ಲೂ ಇದ್ದವು. ಮೆಥನಾಲ್ ಸಮೇತ ಒಬ್ಬ ಸಿಕ್ಕಿದ್ದು ನಮ್ಮ ಸಾಲ್ಮಿಯಾದಲ್ಲೇ.

ಫಾರ್ಮಸಿಯವನಾಗಿ ಇಲ್ಲಿ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಕುಡಿಯುವ ಸಾರಾಯಿ ಎಥನಾಲ್. ಇದು ಮೆಥನಾಲ್, ಬಣ್ಣ, ಥಿನ್ನರ್ ಇಂಥವಕ್ಕೆ ಬಳಸುವುದು. ನೋಡಿದರೆ, ಮೂಸಿದರೆ, ಕುಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕುಡಿದ ಕೂಡಲೇ ಏನೂ ಆಗುವುದೂ ಇಲ್ಲ, ಅಲ್ಲೇ ಜನ ಮೋಸ ಹೋಗುವುದು. ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಕಳೆದ ಮೇಲೆ ಲಿವರ್ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ. ಇರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದೇ ಆಮ್ಲ. ಅದು ಕಣ್ಣಿನ ನರಕ್ಕೆ ಹೋಗುತ್ತದೆ. ಕಣ್ಣ ಮುಂದೆ ಬಿಳಿ ಮಂಜು, ಹೊಟ್ಟೆನೋವು, ಏದುಸಿರು. ಇದಕ್ಕೆ ಫೊಮೆಪಿಜೋಲ್ ಎಂಬ ಮದ್ದಿದೆ. ಅದಿಲ್ಲದಿದ್ದರೆ ಎಥನಾಲನ್ನೇ ಲೆಕ್ಕ ಹಾಕಿ ಕೊಡುತ್ತಾರೆ, ಲಿವರ್ ಅದರಲ್ಲಿ ತೊಡಗಿಕೊಂಡಿರುವಾಗ ಮೆಥನಾಲ್ ಹೊರಗೆ ಹೋಗಲಿ ಎಂದು. ಇದನ್ನು ಓದಿ ರೂಮಿನಲ್ಲೇ ಮದ್ದು ಮಾಡಿಕೊಳ್ಳಲು ಯಾರೂ ಹೊರಡಬೇಡಿ, ಡಯಾಲಿಸಿಸ್ ಬೇಕಾಗುತ್ತದೆ. 112ಕ್ಕೆ ಫೋನ್ ಮಾಡಿ. ಪೊಲೀಸು, ಇಕಾಮಾ, ಎಲ್ಲ ಆಮೇಲೆ. ಮೊದಲು ಜೀವ.

ಆ ವಾರ ನಮ್ಮ ಪ್ರಾರ್ಥನಾ ಕೂಟದಲ್ಲಿ ಒಬ್ಬರು "ನೋಡಿ, ಪಾಪದ ಸಂಬಳ" ಎಂದರು. ನನಗೆ ಅದು ಹಿಡಿಸಲಿಲ್ಲ. ಸತ್ತವನ ತಲೆದಿಂಬಿನ ಹತ್ತಿರ ನಿಂತು ವಾಕ್ಯ ಹೇಳುವುದು ಸುಲಭ. ಆ ರೂಮುಗಳಲ್ಲಿ ಎಂಟೆಂಟು ಜನ ಮಲಗುತ್ತಾರೆ, ಮೂರು ವರ್ಷದಿಂದ ಹೆಂಡತಿ ಮಕ್ಕಳನ್ನು ನೋಡಿರುವುದಿಲ್ಲ. ನಾನು ಅವರಿಗಿಂತ ಮೇಲಿನವನೇ? ಮನೆ ಇದೆ, ಹೆಂಡತಿ ಜೊತೆಗಿದ್ದಾಳೆ, ಫ್ರಿಜ್ಜಿನಲ್ಲಿ ಮೀನು ಸಾರು ಇದೆ. ನನಗೆ ಆ ಪರೀಕ್ಷೆಯೇ ಬಂದಿಲ್ಲ. ಬರದ ಪರೀಕ್ಷೆಯಲ್ಲಿ ಪಾಸಾದೆ ಎನ್ನುವುದು ಹೇಗೆ?

ಕಾನೂನು ಕೈ ಹಿಡಿದು ನಿಲ್ಲಿಸಿದಲ್ಲಿ ನಿಲ್ಲುವುದು ವಿಧೇಯತೆಯಲ್ಲ ಎಂದು ನನಗೆ ಅನ್ನಿಸುವುದು ರಜೆಯ ಮೊದಲ ಸಂಜೆ. ಹನ್ನೊಂದು ತಿಂಗಳು ಇಲ್ಲಿ ಮುಟ್ಟದವರು ಬಜ್ಪೆಯಲ್ಲಿ ಇಳಿದು ಮನೆ ಸೇರುವ ಮೊದಲೇ ಕಾರು ನಿಲ್ಲಿಸುತ್ತಾರೆ. ಬೈಯುವುದಕ್ಕೆ ಹೇಳುತ್ತಿಲ್ಲ. ಹನ್ನೊಂದು ತಿಂಗಳು ಅವರನ್ನು ಹಿಡಿದದ್ದು ಯಾರು ಎಂದು ಕೇಳುತ್ತಿದ್ದೇನೆ, ಅಜ್ಜ ಕೇಳಿದ ಹಾಗೆ.

ನಮ್ಮ ಫಾರ್ಮಸಿಯಲ್ಲೂ ಇದೇ ಕಥೆ. ಮಾರ್ಫಿನ್, ಟ್ರಮಡಾಲ್, ಲಿರಿಕಾ ಇಂಥವಕ್ಕೆ ಬೀಗದ ಕಪಾಟು, ದಪ್ಪ ರಿಜಿಸ್ಟರು, ಎರಡು ಸಹಿ. ಮಾರ್ಫಿನ್ ಕೊಟ್ಟರೆ ಖಾಲಿ ಆಂಪೂಲ್ ವಾಪಸು ಬರಬೇಕು. ಪಾಳಿ ಬದಲಾಗುವಾಗ ಎಣಿಸಿ ಒಪ್ಪಿಸಬೇಕು. ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಕೆಲಸ ಮಾತ್ರವಲ್ಲ, ಸೆಂಟ್ರಲ್ ಜೈಲು. ಅಲ್ಲಿ ಪ್ರಾಮಾಣಿಕನಾಗಿರಲು ದೇವರ ಭಯ ಬೇಕಾಗಿಲ್ಲ. ಆದರೆ ಅದೇ ಕೋಣೆಯಲ್ಲಿ ಇನ್ನೊಂದು ಬದಿಗೆ ಯಾರೂ ಎಣಿಸದ ಮಾತ್ರೆಗಳಿವೆ. ಪ್ಯಾರಾಸಿಟಮಾಲ್, ವಿಟಮಿನ್, ಗ್ಯಾಸ್ಟ್ರಿಕ್ಕಿನ ಮಾತ್ರೆ, ರೋಗಿ ಮನೆಗೆ ಹೋದ ಮೇಲೆ ವಾರ್ಡಿನಿಂದ ವಾಪಸು ಬರುವ ಚೀಲ. ನನ್ನ ನಂಬಿಕೆಯ ಪರೀಕ್ಷೆ ನಡೆಯುವುದು ಆ ಬದಿಯಲ್ಲಿ ಎಂದು ನನಗೆ ನಿಧಾನವಾಗಿ ತಿಳಿಯಿತು.

ಯೋಸೇಫನ ಕಥೆ ನಮಗೆ ಸಂಡೇ ಸ್ಕೂಲಿನಿಂದಲೇ ಗೊತ್ತು. ಬಣ್ಣದ ಅಂಗಿ, ಅಣ್ಣಂದಿರು, ಗುಂಡಿ. ಗಲ್ಫಿಗೆ ಬಂದ ಮೇಲೆ ಅದೇ ಕಥೆ ಬೇರೆ ಥರ ಕಾಣುತ್ತದೆ. ಅವನು ನಮ್ಮ ಹಾಗೆ ಪರದೇಶದಲ್ಲಿ ದುಡಿಯುವವನು. ನಮಗಿಂತ ಕಷ್ಟ, ಏಕೆಂದರೆ ನಾವು ಏಜೆಂಟಿಗೆ ದುಡ್ಡು ಕೊಟ್ಟು ಬಂದೆವು, ಅವನನ್ನು ಏಜೆಂಟರೇ ಮಾರಿದರು. ಪೋಟೀಫರನ ಮನೆಯಲ್ಲಿ ಎಲ್ಲ ಕೀಲಿಕೈ ಅವನ ಕೈಯಲ್ಲಿ. ಯಜಮಾನ ಲೆಕ್ಕ ಕೇಳುವುದಿಲ್ಲ. ಅಪ್ಪ ಅಮ್ಮ ದೂರ, ಊರಿಗೆ ಸುದ್ದಿ ಮುಟ್ಟುವುದಿಲ್ಲ. ಯಜಮಾನನ ಹೆಂಡತಿ ಕರೆದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಒಲ್ಲೆ ಎಂದದ್ದು ಯಜಮಾನನಿಗೆ ಹೆದರಿಯಲ್ಲ, ದೇವರಿಗೆ ವಿರುದ್ಧವಾಗುತ್ತದೆ ಎಂದು. ಸಿಕ್ಕಿದ್ದು ಬಹುಮಾನವಲ್ಲ, ಸೆರೆಮನೆ. ಅಲ್ಲಿ ಉಪಕಾರ ಪಡೆದವನು ಹೊರಗೆ ಹೋಗಿ ಎರಡು ವರ್ಷ ಅವನನ್ನು ಮರೆತೇಬಿಟ್ಟ. ಪ್ರಸಂಗ ಮಾಡುವವರು ಕೊನೆಗೆ ಅವನು ದೊಡ್ಡ ಅಧಿಕಾರಿಯಾದದ್ದಕ್ಕೆ ಬೇಗ ಓಡುತ್ತಾರೆ. ನನಗೆ ಆ ನಡುವಿನ ಎರಡು ವರ್ಷದ್ದೇ ಯೋಚನೆ.

ಈಗ ನಡೆದ ಒಂದು ಸಂಗತಿ. ಸಾಲ್ಮಿಯಾಕ್ಕೆ ನಾನು ಬಂದ ಹೊಸದರಲ್ಲಿ ಲೈಸೆನ್ಸ್ ಕೆಲಸ ಎಳೆಯುತ್ತಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಬೈಂದೂರು ಕಡೆಯ ಒಬ್ಬ ಡ್ರೈವರಣ್ಣ ತನ್ನ ರೂಮಿನಲ್ಲಿ ಮೂರು ತಿಂಗಳು ಬಾಡಿಗೆಯಿಲ್ಲದೆ ಜಾಗ ಕೊಟ್ಟರು. ಊಟಕ್ಕೂ ಅವರ ಜೊತೆಯೇ. ಆಮೇಲೆ ಲೆಕ್ಕ ಮಾಡಲು ಹೋದರೆ ಬೈದರು. ಅಂಥವರು 2023ರ ಡಿಸೆಂಬರಿನಲ್ಲಿ ಒಂದು ರಾತ್ರಿ ಮನೆಗೆ ಬಂದರು. ಅವರ ರೂಮಿನಲ್ಲಿ ಗದಗ ಕಡೆಯ ಒಬ್ಬ ಹುಡುಗ ಇದ್ದ. ಮನೆ ಡ್ರೈವರ್ ಆಗಿ 20ನೇ ನಂಬರಿನ ವೀಸಾದಲ್ಲಿ ಬಂದವನು, ಸಂಬಳ ಸಿಗದೆ ಕಫೀಲನ ಮನೆ ಬಿಟ್ಟವನು. ಇಕಾಮಾ ಇಲ್ಲ, ಸಿವಿಲ್ ಐಡಿ ಮುಗಿದಿತ್ತು. ಶುಗರ್ ಮಾತ್ರೆಯಲ್ಲಿ ನಿಲ್ಲುವ ಥರದ್ದಲ್ಲ, ಇನ್ಸುಲಿನ್ ಬೇಕು. ಊರಿಂದ ತಂದದ್ದು ಖಾಲಿಯಾಗಿತ್ತು.

ಅಣ್ಣನಿಗೆ ನಮ್ಮ ಕೆಲಸ ಸ್ವಲ್ಪ ಗೊತ್ತು. ವಾರ್ಡಿನಿಂದ ಒಡೆಯದ ಇನ್ಸುಲಿನ್ ಪೆನ್ನುಗಳು ವಾಪಸು ಬರುತ್ತವೆ. ಫ್ರಿಜ್ಜಿನಿಂದ ಹೊರಗೆ ಎಷ್ಟು ಹೊತ್ತು ಇತ್ತು ಎಂದು ಖಾತ್ರಿ ಇಲ್ಲದ್ದರಿಂದ ಅವನ್ನು ಇನ್ನೊಬ್ಬ ರೋಗಿಗೆ ಕೊಡುವ ಹಾಗಿಲ್ಲ, ನಾಶ ಮಾಡಬೇಕು. "ನಿಂಗೆ ಎಂತ ನಷ್ಟ ಮಾರಾಯಾ, ಹ್ಯಾಂಗೂ ಬಿಸಾಡುದಲ್ದಾ? ಎರಡು ಪೆನ್ನ್ ಕಿಸೆಗೆ ಹಾಕ್ಕಂಡ್ ಬಾ. ಒಂದ್ ಜೀವ ಉಳಿತ್ತ್."

ಹೇಳಿ, ಇದಕ್ಕೆ ಏನು ಉತ್ತರ? ಲಿರಿಕಾ ಕೇಳಿದ್ದರೆ ಬಾಗಿಲು ತೋರಿಸುವುದು ಸುಲಭವಿತ್ತು. ಇದು ಕಳ್ಳತನದ ಹಾಗೆ ಕಾಣುವುದೇ ಇಲ್ಲ, ದಾನದ ಹಾಗೆ ಕಾಣುತ್ತದೆ. ಕೇಳುತ್ತಿರುವವರು ಅನ್ನ ಹಾಕಿದವರು. ಯಾರಿಗೂ ಗೊತ್ತಾಗುವುದಿಲ್ಲ, ಯಾರ ಗಂಟೂ ಹೋಗುವುದಿಲ್ಲ. ಆದರೆ ನಾಶ ಮಾಡಿದ್ದಕ್ಕೆ ಒಂದು ಫಾರಂ ಇದೆ. ಇಷ್ಟು ಬಂತು, ಇಷ್ಟು ನಾಶವಾಯಿತು ಎಂದು ಬರೆದು ಕೆಳಗೆ ಸಹಿ ಹಾಕುವವನು ನಾನು. ಎರಡು ಪೆನ್ನು ಕಿಸೆಗೆ ಹೋದರೆ ಆ ಕಾಗದದ ಮೇಲೆ ನನ್ನ ಹೆಸರಿನ ಮೇಲಿರುವುದು ಸುಳ್ಳು. ಒಮ್ಮೆ ಒಳ್ಳೆಯ ಕೆಲಸಕ್ಕೆಂದು ಬರೆದ ಕೈಗೆ ಎರಡನೇ ಸಲ ಎಷ್ಟು ಒಳ್ಳೆಯ ಕೆಲಸ ಬೇಕು? ಇನ್ನೊಂದು, ಕೆಟ್ಟಿರಬಹುದಾದ ಇನ್ಸುಲಿನ್ನನ್ನು ಆ ಹುಡುಗನಿಗೆ ಕೊಟ್ಟು ಅವನು ಅದನ್ನು ನಂಬಿ ಕುಳಿತರೆ?

"ಅಣ್ಣ, ಅದು ಆಗುವುದಿಲ್ಲ" ಎಂದೆ. ಅಣ್ಣ ನನ್ನ ಹೆಂಡತಿಯ ಕಡೆ ನೋಡಿದರು. ಅವಳು ನರ್ಸ್, ಅವಳಿಗೂ ಗೊತ್ತು, ಅವಳು ಏನೂ ಹೇಳಲಿಲ್ಲ. "ನಿಮ್ಮ ಏಸು ಹೀಂಗೇ ಹೇಳಿದ್ದಾ?" ಎಂದು ಕೇಳಿ ಎದ್ದುಹೋದರು. ಚಹಾ ಹಾಗೇ ಇತ್ತು.

ಆ ಪ್ರಶ್ನೆಗೆ ಸುಲಭದಲ್ಲಿ ಉತ್ತರ ಸಿಗುವುದಿಲ್ಲ. ಏಸು ಸಬ್ಬತ್ ದಿನದಲ್ಲಿ ಕೈ ಬತ್ತಿದವನನ್ನು ಗುಣ ಮಾಡಿದವರು, ನಿಯಮವನ್ನು ಗೋಡೆ ಮಾಡಿಕೊಂಡು ಹಿಂದೆ ಅಡಗಿದವರನ್ನು ಕಂಡರೆ ಸಿಟ್ಟಾದವರು. ನಾನು ಫಾರಂ ತೋರಿಸಿ ಬಾಗಿಲು ಹಾಕಿ ಮಲಗಿದರೆ ಅದು ವಿಧೇಯತೆಯಲ್ಲ, ಗುಮಾಸ್ತಿಕೆ. ಆ ರಾತ್ರಿ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: "ಇಲ್ಲ ಅಂದಾಯ್ತಲ್ಲ, ಇನ್ನು ದುಡ್ಡು ತೆಗೀರಿ." ಅದು ಸರಿ. ಕದಿಯುವುದಿಲ್ಲ ಎಂದವನು ಕೊಂಡು ಕೊಡಬೇಕು. ಕದಿಯುವುದು ಎಷ್ಟು ಅಗ್ಗ, ಕೊಳ್ಳುವುದು ಎಷ್ಟು ತುಟ್ಟಿ ಎಂದು ಆಗ ಗೊತ್ತಾಯಿತು.

ಮರುದಿನ ಸಂಜೆ ಪರಿಚಯದ ಕನ್ನಡದ ಡಾಕ್ಟರೊಬ್ಬರು ಹುಡುಗನನ್ನು ನೋಡಿ ಫೀಸಿಲ್ಲದೆ ಚೀಟಿ ಬರೆದರು. ಪೆನ್ನಿನ ಬದಲು ಹಳೆಯ ಥರದ ವಯಲ್ ಇನ್ಸುಲಿನ್, ಸಿರಿಂಜ್. ಅದು ಅಗ್ಗ, ಕೆಲಸ ಅದೇ. ನಾವು ನಾಲ್ಕು ಮನೆಯವರು ತಿಂಗಳಿಗೆ ಐದೈದು ದಿನಾರ್ ಹಾಕಿದೆವು. ಒಂದು ಮನೆ ಭಟ್ಕಳದವರದು, ಅವರು ಎರಡನೇ ತಿಂಗಳಿಂದ ಹೇಳದೆ ಹತ್ತು ಹಾಕತೊಡಗಿದರು. ಒಡೆಯದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯಲ್ಲಿರಬೇಕು. ಅವರ ರೂಮಿನ ಫ್ರಿಜ್ಜು ಒಮ್ಮೆ ಐಸ್ ಕಟ್ಟಿಸುತ್ತಿತ್ತು, ಒಮ್ಮೆ ಬೆವರುತ್ತಿತ್ತು, ಹಾಗಾಗಿ ವಯಲ್‌ಗಳು ನಮ್ಮ ಮನೆಯಲ್ಲೇ ಇದ್ದವು. ಹುಡುಗ ಬಂದು ಒಂದೊಂದೇ ಒಯ್ಯುತ್ತಿದ್ದ. 2024ರ ಮಾರ್ಚ್ 17ರಿಂದ ಸರ್ಕಾರ ಇಕಾಮಾ ಇಲ್ಲದವರಿಗೆ ಕ್ಷಮಾದಾನ ಕೊಟ್ಟಿತಲ್ಲ, ಜೂನ್ ಕೊನೆಯವರೆಗೆ ನಡೆದದ್ದು, ಅದರಲ್ಲಿ ಅವನು ದಂಡವಿಲ್ಲದೆ ಊರಿಗೆ ಹೋದ. ಅಣ್ಣ ಮಾತ್ರ ನನ್ನ ಹತ್ತಿರ ಮಾತಾಡಲಿಲ್ಲ. ಇನ್ಸುಲಿನ್ ಕೊಂಡದ್ದು ಅವರಿಗೆ ಗೊತ್ತಿತ್ತು. ಕೇಳಿದ್ದನ್ನು ಕೊಡಲಿಲ್ಲ ಎನ್ನುವುದೇ ಅವರಿಗೆ ದೊಡ್ಡದಾಗಿತ್ತು. ಬಕಾಲಾದಲ್ಲಿ ಎದುರು ಸಿಕ್ಕರೆ ಮೊಸರಿನ ಡಬ್ಬಿಯ ತಾರೀಖು ಓದುತ್ತಾ ನಿಲ್ಲುತ್ತಿದ್ದರು. ನನಗೆ ಅದು ಬಹಳ ಕಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ.

ಸೌಲ ರಾಜನ ಕುರಿಗಳ ಕಥೆಯನ್ನು ನಾನು ಆ ದಿನಗಳಲ್ಲಿ ಮತ್ತೆ ಮತ್ತೆ ಓದಿದೆ. ಆ ಅಧ್ಯಾಯ ಓದಲು ಕಷ್ಟ. ಯುದ್ಧ, ಕೊಲೆ, ನನಗೆ ಅರ್ಥವಾಗದ್ದು ಅದರಲ್ಲಿ ಬಹಳ ಇದೆ. ಆದರೆ ಒಂದು ದೃಶ್ಯ ಎಲ್ಲರಿಗೂ ಅರ್ಥವಾಗುತ್ತದೆ. ಎಲ್ಲ ಬಿಟ್ಟುಬಿಡಬೇಕೆಂದು ಹೇಳಿದ್ದರೂ ಸೌಲ ಕೊಬ್ಬಿದ ಕುರಿಗಳನ್ನು ಉಳಿಸಿಕೊಂಡ. ಪ್ರವಾದಿ ಸಮುವೇಲ ಬಂದಾಗ "ಹೇಳಿದ್ದೆಲ್ಲ ಮಾಡಿದೆ" ಎಂಬರ್ಥದಲ್ಲಿ ಮಾತಾಡುತ್ತಾನೆ, ಹಿಂದಿನಿಂದ ಕುರಿಗಳು ಬ್ಯಾ ಎನ್ನುತ್ತವೆ. ಸಿಕ್ಕಿಬಿದ್ದ ಮೇಲೆ ಸೌಲ ಹೇಳುವುದು ಇವು ದೇವರಿಗೆ ಬಲಿ ಕೊಡಲಿಕ್ಕೆ ಎಂದು. ಕದ್ದದ್ದನ್ನು ದೇವರಿಗೇ ಕೊಟ್ಟರೆ ದೇವರು ಸುಮ್ಮನಿರುತ್ತಾನೆ ಎನ್ನುವ ಉಪಾಯ ಎಷ್ಟು ಹಳೆಯದು ನೋಡಿ.

ಒಂದು ಕಂಪೆನಿಯ ಪ್ರತಿನಿಧಿ, ಹೆಸರು ಬೇಡ, ತಮ್ಮ ಬ್ರ್ಯಾಂಡನ್ನೇ ಹೆಚ್ಚು ತರಿಸಿದರೆ ಒಂದು ಲಕೋಟೆ ಕೊಡುವುದಾಗಿ ಸೂಚಿಸಿದರು. ನಾನು ತಲೆಯಾಡಿಸಿದಾಗ ಅವರೇ ದಾರಿ ಹೇಳಿಕೊಟ್ಟರು. "ನಿಮಗೆ ಬೇಡವಾದರೆ ಊರಿನ ಚರ್ಚಿಗೆ ಕೊಡಿ, ಕಟ್ಟಡ ನಡೀತಾ ಇದೆ ಅಂದಿದ್ರಲ್ಲ." ನನಗೆ ಆ ಕ್ಷಣ ಕುರಿಗಳ ಕೂಗೇ ಕೇಳಿಸಿತು, ನಗು ತಡೆಯಲಾಗಲಿಲ್ಲ. ಅವರು ಏನು ತಿಳಿದುಕೊಂಡರೋ. ನಮ್ಮ ಗಲ್ಫಿನವರ ಹೆಸರು ಊರಿನಲ್ಲಿ ಎಷ್ಟು ಅಮೃತಶಿಲೆಯ ಮೇಲಿದೆ! ಗರ್ಭಗುಡಿ, ಮಸೀದಿ, ಇಗರ್ಜಿ, ಬಸ್ ಸ್ಟ್ಯಾಂಡ್. ಹೆಚ್ಚಿನದು ಬೆವರಿನ ದುಡ್ಡು, ನಾನು ಬಲ್ಲೆ. ಎಲ್ಲವೂ ಎಂದು ಹೇಳಲು ಧೈರ್ಯವಿಲ್ಲ.

ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲ ಒಂದು ನೇರ ಲೆಕ್ಕ ಹೇಳುತ್ತಾರೆ. ನಾವು ಯಾರ ಮಾತು ಕೇಳುತ್ತೇವೋ ಅವರ ಆಳು. ಪಾಪದ ಮಾತು ಕೇಳಿದರೆ ಅದರ ಆಳು, ದೇವರ ಮಾತು ಕೇಳಿದರೆ ಅವನ ಆಳು, ಯಾರ ಆಳೂ ಅಲ್ಲ ಎನ್ನುವ ಮೂರನೇ ಜಾಗ ಇಲ್ಲ. ಊರಿನಲ್ಲಿದ್ದಾಗ ಈ 'ದಾಸ' ಎಂಬ ಮಾತು ನನಗೆ ಪುರಾಣದ ಮಾತಾಗಿತ್ತು. ಇಲ್ಲಿ ಅದನ್ನು ಯಾರಿಗೂ ವಿವರಿಸಬೇಕಾಗಿಲ್ಲ. 18ನೇ ನಂಬರಿನ ವೀಸಾ ಇರುವವನ ಇಕಾಮಾ ಒಬ್ಬನ ಮೇಲೆ, ಕೆಲಸ ಇನ್ನೊಬ್ಬನ ಹತ್ತಿರ ಆದರೆ ಚೆಕಿಂಗಿನಲ್ಲಿ ಏನಾಗುತ್ತದೆ ಎಂದು ಸಣ್ಣ ಹುಡುಗರಿಗೂ ಗೊತ್ತು. ವ್ಯತ್ಯಾಸ ಒಂದೇ. ಇಲ್ಲಿ ಕಫೀಲನನ್ನು ಬಿಡಲು ರಿಲೀಸ್ ಬೇಕು. ಆ ಇನ್ನೊಂದು ಮನೆಯಿಂದ ರಿಲೀಸ್ ಆಗಲೇ ಸಿಕ್ಕಿದೆ, ಅದಕ್ಕೆ ಬೆಲೆ ಕೊಟ್ಟವರು ಬೇರೆಯವರು ಎನ್ನುವುದು ನಮ್ಮ ನಂಬಿಕೆ. ಹಾಗಾಗಿ ನಾನು ಸಹಿ ಹಾಕುವಾಗ ಹೆದರಿ ಹಾಕಬೇಕಾಗಿಲ್ಲ. ಅಜ್ಜನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಎಲ್ಲ ದಿನವೂ ಅದು ಪೂರಾ ಉತ್ತರ ಅನ್ನಿಸುವುದಿಲ್ಲ.

ಅಣ್ಣ ಕಳೆದ ವರ್ಷ ಕೆಲಸ ಮುಗಿಸಿ ಊರಿಗೆ ಹೋದರು. ಹೋಗುವಾಗ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ನಾನು ಏರ್‌ಪೋರ್ಟಿಗೆ ಹೋದೆ, ಅಷ್ಟರಲ್ಲಿ ಒಳಗೆ ಹೋಗಿದ್ದರು. ಎರಡು ತಿಂಗಳ ಹಿಂದೆ ರಾತ್ರಿ ಹತ್ತೂವರೆಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಮಾತ್ರೆಯ ಸ್ಟ್ರಿಪ್, ಹಿಂಬದಿ, ಅರ್ಧ ಹರಿದದ್ದು. ಕೆಳಗೆ ಧ್ವನಿ ಸಂದೇಶ: "ಇದ್ ಎಂತಕ್ಕೆ ಕೊಟ್ಟದ್ದ್ ಅಂತ ನೋಡ್ ಕಾಂಬ. ಇಲ್ಲಿ ಡಾಕ್ಟ್ರಿಗೆ ಮಾತಾಡುಕೆ ಪುರುಸೊತ್ತಿಲ್ಲೆ." ಬಿಪಿಯ ಮಾತ್ರೆ, ದಿನಕ್ಕೊಂದು, ನಿಲ್ಲಿಸಬಾರದು ಎಂದು ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು: "ಗದಗದ ಹುಡ್ಗ ಫೋನ್ ಮಾಡ್ತ್ನಾ ನಿಂಗೆ?"

"ಮಾಡ್ತಾನೆ ಅಣ್ಣ. ಇನ್ಸುಲಿನ್ ಅಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗ್ತಾ ಉಂಟಂತೆ. ನೀವು ಉಪ್ಪು ಕಡಿಮೆ ಮಾಡಿ" ಎಂದು ಬರೆದು ಕಳಿಸಿದೆ.